ಮೂರನೇ ರೇಡ್ ಬಂತೆಂದರೆ ಗುರುಪಾದ ಹೊರಗೆ

ಬನಹಟ್ಟಿಯ ಹಿಂದಿನ ಓಣಿಯ ಮಗ್ಗದ ಶೆಡ್ಡಿನೊಳಗೆ ಇನ್ನೂ ಸರಿಯಾಗಿ ಬೆಳಕು ಬಿದ್ದಿಲ್ಲ. ಗುರುಪಾದ ಚಪ್ಪಲಿಯನ್ನು ಬಾಗಿಲ ಹೊರಗೇ ಬಿಟ್ಟು, ಸ್ವಿಚ್ ಬೋರ್ಡಿಗೆ ಒಮ್ಮೆ ಕೈಮುಗಿದು, ತಮ್ಮ ಪಾಲಿನ ನಾಲ್ಕು ಪವರ್‌ಲೂಮುಗಳನ್ನು ಒಂದೊಂದಾಗಿ ಚಾಲೂ ಮಾಡುತ್ತಾರೆ. ಪಕ್ಕದಲ್ಲಿ ನಿಂತವರು ಕೂಗಿ ಹೇಳಿದರೂ ಕೇಳಿಸದಷ್ಟು ಸದ್ದು. ಲಾಳಿಗಳು ಅತ್ತಿಂದಿತ್ತ ಓಡುತ್ತಿವೆ, ಕಾಟನ್ ಸೀರೆ ಒಂದೊಂದೇ ಬೆರಳು ಬೆಳೆಯುತ್ತಿದೆ. ಗುರುಪಾದ ಮಾತ್ರ ಯಾವ ಮಗ್ಗವನ್ನೂ ನೋಡುತ್ತಿಲ್ಲ. ನಾಲ್ಕರ ನಡುವೆ ಮೊಣಕಾಲು ಸ್ವಲ್ಪ ಬಗ್ಗಿಸಿ, ಎರಡೂ ಕೈ ಮುಂದೆ ಬಿಟ್ಟುಕೊಂಡು ನಿಂತಿದ್ದಾರೆ. ಎಲ್ಲೋ ಒಂದು ಎಳೆ ಹರಿಯುತ್ತದೆ. ಬೆನ್ನ ಹಿಂದಿನ ಮಗ್ಗ ತಾನಾಗಿಯೇ ನಿಲ್ಲುತ್ತದೆ. ನಿಂತದ್ದು ಬೇರೆಯವರ ಗಮನಕ್ಕೆ ಬರುವ ಮೊದಲೇ ಗುರುಪಾದರ ಕೈ ಅದರ ಮೇಲಿರುತ್ತದೆ. ಎಳೆ ಗಂಟು ಹಾಕಿ, ಮಗ್ಗವನ್ನು ಮತ್ತೆ ಓಡಲು ಬಿಟ್ಟು, ಮೊದಲಿದ್ದ ಜಾಗಕ್ಕೆ ವಾಪಸ್ ಬರುತ್ತಾರೆ.

ಮೂವತ್ತೈದರ ಆಸುಪಾಸಿನ ಗುರುಪಾದರಿಗೆ ಇನ್ನೊಂದು ಕೆಲಸವಿದೆ, ಪಗಾರ ಇಲ್ಲದ್ದು. ಊರಿನ ಕಬಡ್ಡಿ ತಂಡದಲ್ಲಿ ಅವರು ಕವರ್ ಆಟಗಾರ. ಎದುರಾಳಿ ರೇಡರ್ ಉಸಿರು ಕಟ್ಟಿ ಒಳಬಂದಾಗ ಮೂಲೆಯವನ ಪಕ್ಕದಲ್ಲಿ ಕೈ ಹಿಡಿದು ನಿಂತು, ಸಮಯ ನೋಡಿ ಎದೆಯಿಂದ ಗುದ್ದಿ ಅವನನ್ನು ಕೆಡವುವುದು ಕವರ್‌ನವನ ಕೆಲಸ. ರೇಡರ್‌ಗಳ ಹೆಸರು ಜಮಖಂಡಿಯಿಂದ ಬೀಳಗಿಯವರೆಗೆ ಹುಡುಗರ ಬಾಯಲ್ಲಿರುತ್ತದೆ. ಅವರ ಫೋಟೊ ಬ್ಯಾನರ್ ಮೇಲೂ ಬರುತ್ತದೆ. ಕವರ್ ನಿಂತವನ ಹೆಸರು ಮೈಕ್ ಹಿಡಿದವನಿಗೂ ನೆನಪಿರುವುದಿಲ್ಲ. ಅದರ ಬಗ್ಗೆ ಗುರುಪಾದರಿಗೆ ಯಾವತ್ತೂ ಬೇಸರವಿರಲಿಲ್ಲ. ಅವರ ತಲೆ ಕೆಡಿಸಿದ್ದು ಬೇರೆಯೇ ಸಂಗತಿ.

ಟಿ.ವಿ.ಯಲ್ಲಿ ಕಬಡ್ಡಿ ಬಂದ ಮೇಲೆ ಈ ಕಡೆಯ ಪಂದ್ಯಾವಳಿಗಳಲ್ಲೂ ಮಣ್ಣು ಹೋಗಿ ಮ್ಯಾಟ್ ಬಂತು. ಮ್ಯಾಟ್ ಜೊತೆಗೆ ಹೊಸ ನಿಯಮ ಬಂತು. ಒಂದು ತಂಡ ಎರಡು ರೇಡಿನಲ್ಲಿ ಖಾಲಿ ಕೈಯಲ್ಲಿ ವಾಪಸಾದರೆ ಮೂರನೆಯದರಲ್ಲಿ ಅಂಕ ತರಲೇಬೇಕು. ತರದಿದ್ದರೆ ಹೋದವನೇ ಔಟ್. ಜನ ಸೀಟಿ ಹೊಡೆಯುವುದು, ಕುರ್ಚಿಯಿಂದ ಏಳುವುದು ಆ ಮೂರನೇ ರೇಡಿಗೇ. ಸಂಘಟಕರು ರೇಡುಗಳ ನಡುವೆ ಆಟಗಾರನನ್ನು ಬದಲಿಸಲೂ ಬಿಡುತ್ತಾರೆ. ಇದನ್ನು ಬನಹಟ್ಟಿ ತಂಡದ ನಾಯಕ ಮಹಾಲಿಂಗ ಚೆನ್ನಾಗಿ ಬಳಸಿಕೊಂಡರು. ಎದುರಾಳಿಯ ಮೂರನೇ ರೇಡ್ ಬಂತೆಂದರೆ ಬೆಂಚಿನ ಕಡೆ ಅವರ ಕೈ ಮೇಲೇಳುತ್ತಿತ್ತು. ಗುರುಪಾದ ಹೊರಗೆ, ಬೆಂಚಿನ ಮೇಲಿದ್ದ ಹುಡುಗ ಸಾತಪ್ಪ ಒಳಗೆ. ರೇಡ್ ಮುಗಿಯುತ್ತಲೇ ಸಾತಪ್ಪ ಹೊರಗೆ, ಗುರುಪಾದ ಒಳಗೆ. ಯಾಕೆಂದು ಮಹಾಲಿಂಗ ಒಮ್ಮೆಯೂ ಹೇಳಲಿಲ್ಲ.

ಮುಧೋಳದ ಪಂದ್ಯಕ್ಕೆ ಶೆಡ್ಡಿನ ಗೆಳೆಯರು ಟೆಂಪೊ ಮಾಡಿಕೊಂಡು ಬಂದಿದ್ದರು. ತಮ್ಮ ಗುರುಪಾದ ಒಳಗೆ ಹೋಗುವುದು, ಹೊರಗೆ ಬಂದು ಕೂಡುವುದು, ಮತ್ತೆ ಏಳುವುದು ನೋಡಿ ಅವರಿಗೆ ಮಜಾ ಅನ್ನಿಸಿತು. ‘ಏನಲೇ, ಬಸ್ಕಿ ಹೊಡ್ಯಾಕ ಬಂದಿಯೇನು?’ ಎಂದು ಒಬ್ಬ ಕೂಗಿದ. ಮಾರನೆಯ ದಿನ ಶೆಡ್ಡಿನಲ್ಲಿ ಅದೇ ಮಾತು. ನಕ್ಕು ಬಿಟ್ಟುಬಿಡಬಹುದಾಗಿತ್ತು, ಗುರುಪಾದ ಬಿಡಲಿಲ್ಲ.

‘ಹೊರಗ ಕೂಡ್ರೂದಕ್ಕ ಸಂಕಟ ಇಲ್ರಿ. ಆಟ ಅಂದ ಮ್ಯಾಲ ಯಾರರ ಕೂಡ್ರಬೇಕು. ಆದರ ಜನ ಎದ್ದ ನಿಂದರೂ ಹೊತ್ತಿನ್ಯಾಗ ನಂದಽ ಯಾಕ ಕೈ ಹಿಡದ ಎಬ್ಬಸ್ತಾರ? ಏನರ ಇರಬೇಕಲ್ಲ?’ ಎನ್ನುತ್ತಾರೆ ಅವರು. ಈ ಸೀಸನ್ ಮುಗಿಯುವುದರೊಳಗೆ ಒಂದೇ ಒಂದು ಮೂರನೇ ರೇಡಿಗೆ ಮ್ಯಾಟ್ ಮೇಲೆ ನಿಲ್ಲಬೇಕು ಎಂಬುದು ಅವರಿಗೆ ಹಟವಾಗಿಬಿಟ್ಟಿತ್ತು.

ಅನುಮಾನ ಗುರುಪಾದರಿಗೆ ಹೊಸತೇನಲ್ಲ. ಅವರು ಹುಟ್ಟಿದ್ದು ಬೀಳಗಿ ಕಡೆಯ ಒಂದು ಊರಲ್ಲಿ. ಆ ಊರು ಈಗ ಅಣೆಕಟ್ಟಿನ ಹಿನ್ನೀರಿನ ಕೆಳಗಿದೆ. ನೀರು ಬೀರಪ್ಪನ ಗುಡಿಯ ತನಕ ಬರುವುದೇ ಇಲ್ಲ ಎಂದು ಊರ ಹಿರಿಯರೊಬ್ಬರು ಕಡೆಯವರೆಗೂ ಎಲ್ಲರಿಗೂ ಧೈರ್ಯ ಹೇಳುತ್ತಿದ್ದರಂತೆ. ಆದರೆ ತಮ್ಮ ಮನೆಯ ಬಾಗಿಲು, ಕಿಟಕಿ, ತೊಲೆಗಳನ್ನು ಸದ್ದಿಲ್ಲದೆ ಬಿಚ್ಚಿ ಎತ್ತರದ ಜಾಗಕ್ಕೆ ಮೊದಲು ಸಾಗಿಸಿದವರೂ ಅವರೇ. ಗುರುಪಾದರ ತಾಯಿ ಲಗಮವ್ವ ಅದನ್ನು ಇವತ್ತಿಗೂ ಮರೆತಿಲ್ಲ. ‘ಯಾರರ ಸುಮ್ಮನಿದ್ರ ಅವರ ಬಾಯಿ ನೋಡಬ್ಯಾಡ, ಕೈ ನೋಡು’ ಎಂದು ಹೇಳಿಕೊಟ್ಟೇ ಮಗನನ್ನು ಬೆಳೆಸಿದರು. ಪುನರ್ವಸತಿ ಕೇಂದ್ರದ ಬಯಲಿನಲ್ಲಿ ಮನೆಗಳಿಗಿಂತ ಮೊದಲು ಎದ್ದದ್ದು ಕಬಡ್ಡಿ ಅಂಕಣ. ಅಲ್ಲಿ ಆಟ ಕಲಿತ ಗುರುಪಾದ ಹೊಟ್ಟೆಪಾಡಿಗೆ ಬನಹಟ್ಟಿಗೆ ಬಂದು ಮಗ್ಗ ಕಲಿತರು.

ತಾಯಿ ಹೇಳಿದ ಹಾಗೆ ಗುರುಪಾದ ಎಲ್ಲರ ಕೈ ನೋಡತೊಡಗಿದರು. ಮೊದಲ ಅನುಮಾನ ನೆಂಟಸ್ತಿಕೆಯದು. ಸಾತಪ್ಪ ರನ್ನ ಬೆಳಗಲಿಯ ಹುಡುಗ, ಕಬ್ಬಿನ ಹೊಲದಲ್ಲಿ ದುಡಿದು ಮೈ ಗಟ್ಟಿ ಮಾಡಿಕೊಂಡವನು. ಮಹಾಲಿಂಗರ ಹೆಂಡತಿಯ ತವರೂ ರನ್ನ ಬೆಳಗಲಿಯೇ. ಇಷ್ಟು ಸಾಕಾಯಿತು. ಗುರುಪಾದ ಆ ಊರಿನ ಪರಿಚಯದವರನ್ನು ಸಂತೆಯಲ್ಲಿ ಹಿಡಿದು, ಅಡ್ಡಡ್ಡ ಪ್ರಶ್ನೆ ಹಾಕಿ ವಿಚಾರಿಸಿದರು. ಎರಡು ಮನೆಗಳಿಗೂ ಯಾವ ಸಂಬಂಧವೂ ಇಲ್ಲ ಎಂದು ಎಲ್ಲರೂ ಒಂದೇ ಮಾತು ಹೇಳಿದರು. ಬೇರೆಯವರಾಗಿದ್ದರೆ ಅಲ್ಲಿಗೆ ಸುಮ್ಮನಾಗುತ್ತಿದ್ದರು. ಎಲ್ಲರೂ ಒಂದೇ ಮಾತು ಹೇಳಿದರು ಎನ್ನುವುದೇ ಗುರುಪಾದರಿಗೆ ಸರಿಬೀಳಲಿಲ್ಲ.

ಎರಡನೆಯ ಅನುಮಾನ ನೂಲಿನ ವ್ಯಾಪಾರಿ ಚಿದಾನಂದ ಅವರ ಮೇಲೆ. ತಂಡಕ್ಕೆ ಪ್ರತಿವರ್ಷ ಜೆರ್ಸಿ ಕೊಡಿಸುವವರು ಇವರು. ಗುರುಪಾದ ಹಿಂದೊಮ್ಮೆ ಅವರ ಶೆಡ್ಡಿನಲ್ಲಿದ್ದು, ನೂಲು ಸರಿಯಿಲ್ಲ, ಮಾತುಮಾತಿಗೆ ಹರಿಯುತ್ತದೆ ಎಂದು ಜಗಳ ತೆಗೆದು ಬಿಟ್ಟು ಬಂದಿದ್ದರು. ಈ ವರ್ಷದ ಜೆರ್ಸಿ ಗುರುಪಾದರಿಗೆ ಮಾತ್ರ ಬಿಗಿಯಾಗಿತ್ತು. ಹಳೆಯ ಸಿಟ್ಟು ಹೀಗೆ ತೀರಿಸಿಕೊಳ್ಳುತ್ತಿದ್ದಾರೆ, ತಂಡದಿಂದ ಮೆಲ್ಲಗೆ ಜಾರಿಸುವ ಮುನ್ಸೂಚನೆ ಇದು ಎಂದು ಮನೆಯಲ್ಲಿ ಹೆಂಡತಿ ಶೇವಂತಿಯವರಿಗೆ ಬಿಡಿಸಿ ಹೇಳಿದರು. ಶೇವಂತಿ ಮನೆಯಲ್ಲೇ ಕಂಡಿಕೆ ಸುತ್ತುವ ಕೆಲಸ ಮಾಡುತ್ತಾರೆ. ಲಾಳಿಯೊಳಗೆ ಕೂಡುವ ಸಣ್ಣ ಕಡ್ಡಿಗೆ ನೂಲು ತುಂಬುವುದು. ಅವರು ಯಂತ್ರದಿಂದ ತಲೆ ಎತ್ತದೆ, ‘ಹೊಟ್ಟಿ ಬಂದೈತ್ರಿ ನಿಮಗ’ ಎಂದರು. ಗುರುಪಾದರಿಗೆ ಒಂದು ಗಳಿಗೆ ಹೆಂಡತಿಯ ಮೇಲೂ ಅನುಮಾನ ಬಂದದ್ದನ್ನು ಅವರೇ ನಗುತ್ತ ಒಪ್ಪಿಕೊಳ್ಳುತ್ತಾರೆ.

ಅಷ್ಟರಲ್ಲಿ ಇನ್ನೊಂದು ಸುಳಿವು ಸಿಕ್ಕಿತು. ಮಹಾಲಿಂಗ ರಬಕವಿಯಲ್ಲಿ ಆಟೊ ಓಡಿಸುವವರು. ಬೆಳಗಿನ ಚಹಾ ಯಾವತ್ತೂ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ, ಗುರುಪಾದರ ಜೊತೆಗೇ. ಜಮಖಂಡಿಯ ಪಂದ್ಯಾವಳಿ ಹತ್ತಿರ ಬಂದಂತೆ ಅವರು ಆ ಕಡೆ ಬರುವುದನ್ನೇ ಬಿಟ್ಟರು. ಕೇಳಿದರೆ ಗಿರಾಕಿ ಎಂದರು. ನಸುಕಿನಲ್ಲಿ ಎಂಥ ಗಿರಾಕಿ? ಶೆಡ್ಡಿಗೆ ರಜೆಯಿದ್ದ ದಿನ ಗುರುಪಾದ ತಲೆಗೆ ಟವೆಲ್ ಸುತ್ತಿಕೊಂಡು ಸೈಕಲ್ ಹತ್ತಿದರು. ಆಟೊ ತೇರದಾಳ ರಸ್ತೆ ಹಿಡಿದು, ಶಾಲೆಯ ಮೈದಾನದ ಹತ್ತಿರ ತಿರುಗಿ ನಿಂತಿತು. ಒಳಗಿನಿಂದ ಇಳಿದವನು ಸಾತಪ್ಪ. ಗುರುಪಾದ ಕಾಂಪೌಂಡಿನ ಹೊರಗೆ ಸೈಕಲ್ ಮಲಗಿಸಿ, ಗೋಡೆಯ ಕಿಂಡಿಗೆ ಕಣ್ಣು ಹಚ್ಚಿದರು. ಕಡೆಗೂ ಸಿಕ್ಕಿಬಿದ್ದರು ಎಂದು ಒಳಗೊಳಗೇ ಖುಷಿಯಾಯಿತು.

ಒಳಗೆ ನಡೆಯುತ್ತಿದ್ದುದು ಬರೀ ಅಭ್ಯಾಸ. ಮಹಾಲಿಂಗ ರೇಡರ್ ಆಗಿ ಒಳಬಂದು, ಸಾತಪ್ಪನ ಎದುರು ಒಂದು ಕಾಲು ಮುಂದೆ ಚಾಚಿ ತಟ್ಟನೆ ನಿಂತುಬಿಡುತ್ತಿದ್ದರು. ಸಾತಪ್ಪ ಮೈ ಬಿಗಿ ಹಿಡಿದು ನಿಂತಲ್ಲೇ ನಿಲ್ಲಬೇಕು. ಮತ್ತೆ ಬರುವುದು, ಮತ್ತೆ ನಿಲ್ಲುವುದು. ಒಮ್ಮೆ ಹುಡುಗನಿಗೆ ತಡೆಯಲಾಗಲಿಲ್ಲ, ಜಿಗಿದ. ಮಹಾಲಿಂಗ ಸರಕ್ಕನೆ ಕಾಲು ಎಳೆದುಕೊಂಡು, ಅವನ ತಲೆ ಮುಟ್ಟಿ, ಗೆರೆ ದಾಟಿ ನಿಂತರು.

‘ಮತ್ತ ಗುರುಪಾದ ಆದಿ ನೀ’ ಎಂದರು.

ಹುಡುಗ ನಕ್ಕ. ಗೋಡೆಯ ಆಚೆ ಗುರುಪಾದರ ಕಿವಿ ಸುಟ್ಟಂತಾಯಿತು. ಇಷ್ಟು ದಿನ ತನ್ನ ಹೆಸರನ್ನು ಯಾರೂ ಹೇಳುವುದಿಲ್ಲ ಎಂದುಕೊಂಡಿದ್ದ ಮನುಷ್ಯನ ಹೆಸರು, ಒಂದು ತಪ್ಪಿನ ಹೆಸರಾಗಿ ನಸುಕಿನ ಮೈದಾನದಲ್ಲಿ ಓಡಾಡುತ್ತಿತ್ತು. ‘ಬೈದಿದ್ರ ಇಷ್ಟ ಹತ್ತತಿರಲಿಲ್ಲರಿ’ ಎನ್ನುವಾಗ ಈಗಲೂ ಅವರ ಧ್ವನಿ ಇಳಿಯುತ್ತದೆ.

ಮನೆಗೆ ಬಂದು ಹೆಂಡತಿಯ ಮುಂದೆ ಎಲ್ಲವನ್ನೂ ಕಕ್ಕಿದರು. ತಾನು ಜಿಗಿಯುವವನಂತೆ, ತಡೆದುಕೊಳ್ಳಲಾಗದವನಂತೆ, ಹುಡುಗರಿಗೆ ತನ್ನ ಹೆಸರಲ್ಲಿ ಪಾಠವಂತೆ. ಶೇವಂತಿ ಕಂಡಿಕೆ ಸುತ್ತುತ್ತಲೇ ಕೇಳಿಸಿಕೊಂಡರು. ಮಾತು ಮುಗಿಯುವ ಮುಂಚೆಯೇ ಯಂತ್ರದ ಸ್ವಿಚ್ ಒತ್ತಿದರು. ಯಂತ್ರ ನಿಂತಿತು. ಗೋಡೆಗೆ ಒರಗಿ ಕೂತಿದ್ದ ಗುರುಪಾದ ಎದ್ದು ನಿಂತು ಯಂತ್ರದ ಕಡೆ ಒಂದು ಹೆಜ್ಜೆ ಇಟ್ಟಾಗಿತ್ತು.

‘ನೋಡ್ರಿ’ ಎಂದರು ಶೇವಂತಿ. ‘ನೀರಿನ ಮೋಟಾರ್ ನಿಂತ್ರ ಎದ್ದೇಳ್ತೀರಿ. ಹಾದಿ ಮ್ಯಾಗ ಯಾರದರ ಗಾಡಿ ಬಂದ್ ಬಿದ್ರ ಎದ್ದೇಳ್ತೀರಿ. ನಾ ಮಾತಾಡ್ಕೋತ ನಡಕ ಸುಮ್ಮನಾದ್ರ ಸುದ್ದಾ ಎದ್ದ ನಿಂದರ್ತೀರಿ. ಬನಹಟ್ಟ್ಯಾಗ ಎಲ್ಲಾ ಗಂಡಸರೂ ಹಿಂಗಽ ಇರ್ತಾರಂತ ನಾ ತಿಳಕೊಂಡಿದ್ದೆ.’

ಮಗ್ಗದ ಮನುಷ್ಯನಿಗೆ ಓಡುವ ವಸ್ತುವಿನ ಚಿಂತೆಯಿಲ್ಲ. ನಿಂತದ್ದೇ ಅವನ ಕೆಲಸ. ನಿಂತಲ್ಲಿಗೆ ಕೈ ಹೋಗಲೇಬೇಕು, ಯೋಚನೆ ಮಾಡಿ ಹೋದರೆ ತಡವಾಯಿತು. ಇಷ್ಟು ವರ್ಷ ಗುರುಪಾದರ ಆಟ ನಡೆದದ್ದೂ ಇದರ ಮೇಲೆಯೇ. ಉಸಿರು ಸೋತ ರೇಡರ್ ಕಣ್ಣು ಮಿಟುಕಿಸುವಷ್ಟು ಹೊತ್ತು ನಿಲ್ಲುತ್ತಾನೆ, ಆಗ ಈ ಮನುಷ್ಯ ಅವನ ಮೈಮೇಲಿರುತ್ತಾರೆ. ಸಾಮಾನ್ಯ ರೇಡುಗಳಲ್ಲಿ ಅವರಷ್ಟು ಹಿಡಿಯುವವರು ತಂಡದಲ್ಲಿ ಇನ್ನೊಬ್ಬರಿಲ್ಲ. ಆದರೆ ಮೂರನೇ ರೇಡಿಗೆ ಬರುವವನು ಸೋತು ನಿಲ್ಲುವುದಿಲ್ಲ, ಬೇಕೆಂದೇ ನಿಲ್ಲುತ್ತಾನೆ. ಯಾರಾದರೂ ಜಿಗಿಯಲಿ, ಮುಟ್ಟಿ ಓಡುತ್ತೇನೆ ಎಂದು ಕಾಲು ಚಾಚಿ ಕಾಯುತ್ತಾನೆ. ಆಗ ಜಿಗಿದವನು ಕೆಟ್ಟ.

ತಿಳಿದ ಮೇಲೆ ಸುಮ್ಮನಿರುವ ಜಾಯಮಾನ ಗುರುಪಾದರದ್ದಲ್ಲ. ಶೆಡ್ಡಿನಿಂದ ಬಂದವರೇ ಹೆಂಡತಿಯ ಯಂತ್ರದ ಎದುರು ಕೂತು, ಹೇಳದೆ ಕೇಳದೆ ಅದನ್ನು ನಿಲ್ಲಿಸುವಂತೆ ಕೇಳಿಕೊಂಡರು. ಮೊದಲ ದಿನಗಳಲ್ಲಿ ಪ್ರತಿಸಲ ಎದ್ದರು. ಆಮೇಲೆ ಎರಡೂ ಅಂಗೈಗಳ ಮೇಲೆ ಕೂತು ನೋಡಿದರು, ಭುಜ ಎದ್ದಿತು. ಬಾಗಿಲಲ್ಲಿ ಕೂತ ಲಗಮವ್ವ ಮಗನಿಗೆ ಏನೋ ಮೆಟ್ಟಿಕೊಂಡಿದೆ ಎಂದು ಹೆದರಿ ಬೀರಪ್ಪನಿಗೆ ಕಾಯಿ ಕಟ್ಟಿಸಿದರು. ವಾರದ ಕೊನೆಗೆ ಯಂತ್ರ ನಿಂತರೂ ಒಮ್ಮೊಮ್ಮೆ ಕೂತಲ್ಲೇ ಇರುವುದು ಸಾಧ್ಯವಾಯಿತು. ಕಂಡಿಕೆಯ ಕೆಲಸ ಮಾತ್ರ ಅರ್ಧಕ್ಕೆ ಬಿತ್ತು ಎಂದು ಶೇವಂತಿ ದೂರುತ್ತಾರೆ.

ಜಮಖಂಡಿಯಲ್ಲಿ ಸೆಮಿಫೈನಲ್ ಇದ್ದದ್ದು ಇಳಿಹೊತ್ತಿನಲ್ಲಿ. ಮೊಣಕಾಲಿಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದ ಮಹಾಲಿಂಗರ ಎದುರು ಹೋಗಿ ಗುರುಪಾದ ನಿಂತರು. ಬೆನ್ನು ಹತ್ತಿದ್ದನ್ನು, ಗೋಡೆಯ ಕಿಂಡಿಯಿಂದ ನೋಡಿದ್ದನ್ನು ಮುಚ್ಚಿಡದೆ ಹೇಳಿದರು. ಜಿಗಿಯುವುದು ಖರೆ ಎಂದೂ ಒಪ್ಪಿಕೊಂಡರು. ಆದರೆ ಇದನ್ನು ನನಗೆ ನೇರವಾಗಿ ಹೇಳದೆ ಯಾಕೆ ಮುಚ್ಚಿಟ್ಟೆ ಎಂದು ಕೇಳಿದರು. ಮಹಾಲಿಂಗ ಪಟ್ಟಿಯ ತುದಿಯನ್ನು ಹಲ್ಲಿನಿಂದ ಹರಿದು ಗಂಟು ಹಾಕಿದರು.

‘ಹೇಳಿದ್ರ ನೀ ತಪ್ಪ ತಿದ್ದಕೋತ ಕೂಡ್ರತಿದ್ದಿ. ಹೆಜ್ಜಿ ಹೆಜ್ಜಿಗೂ ಇಚಾರ ಮಾಡತಿದ್ದಿ. ಉಳದ ರೇಡಿನ್ಯಾಗ ಯಾರ ಹಿಡೀಬೇಕು? ಹೇಳಲಾರದ ಹೊರಗ ಕರದ್ರ ನೀ ಸಿಟ್ಟ ಮಾಡಿಕೊಂಡ ಒಳಗ ಬರ್ತಿದ್ದಿ. ಬಂದಾವನಽ ಒಬ್ಬನ್ನ ಕೆಡವತಿದ್ದಿ. ನನಗ ಆ ಸಿಟ್ಟ ಬೇಕಿತ್ತಲೇ.’

ಒಳಗೆ ಏನೋ ಇದೆ ಎನ್ನುವ ಗುರುಪಾದರ ಅನುಮಾನ ಸುಳ್ಳಾಗಿರಲಿಲ್ಲ. ಇದ್ದದ್ದು ನೆಂಟಸ್ತಿಕೆಯೂ ಅಲ್ಲ, ಜೆರ್ಸಿಯೂ ಅಲ್ಲ. ತನ್ನ ಅನುಮಾನಕ್ಕೇ ಗೆಳೆಯ ದಿನಾ ಎಣ್ಣೆ ಹೊಯ್ದು ಆಟ ಆಡಿಸುತ್ತಿದ್ದ. ಇದನ್ನು ಕೇಳಿ ಅವರಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಊರ ಹಿರಿಯರು ಬಾಗಿಲು ಬಿಚ್ಚಿ ಒಯ್ದ ಕಥೆ ಕೇಳಿ ಬೆಳೆದವನಿಗೆ ಒಳ್ಳೆಯದಕ್ಕೇ ಮುಚ್ಚಿಟ್ಟೆ ಎನ್ನುವ ಮಾತು ಸುಲಭಕ್ಕೆ ಇಳಿಯುವುದಿಲ್ಲ. ಇವತ್ತು ಒಂದು ಮೂರನೇ ರೇಡಿಗೆ ನಿಲ್ಲಿಸು ಎಂದಷ್ಟೇ ಹೇಳಿದರು. ಮಹಾಲಿಂಗ ಇನ್ನೊಂದು ಮೊಣಕಾಲಿಗೆ ಪಟ್ಟಿ ಸುತ್ತತೊಡಗಿದರು.

ಎದುರಿಗೆ ಮುಧೋಳದ ತಂಡ. ಪಂದ್ಯದುದ್ದಕ್ಕೂ ಹಳೆಯ ಕಥೆಯೇ ನಡೆಯಿತು, ಮೂರನೇ ರೇಡ್ ಬಂದಾಗಲೆಲ್ಲ ಗುರುಪಾದ ಬೆಂಚಿಗೆ. ಕೊನೆಯ ನಿಮಿಷಗಳಲ್ಲಿ ಬನಹಟ್ಟಿ ಒಂದೇ ಅಂಕ ಮುಂದಿತ್ತು. ಮುಧೋಳದವರು ಎರಡು ಸಲ ಖಾಲಿ ಕೈಯಲ್ಲಿ ವಾಪಸಾದರು. ಜನ ಎದ್ದು ನಿಂತರು. ಗುರುಪಾದ ರೂಢಿಯಂತೆ ಗೆರೆಯ ಕಡೆ ಹೆಜ್ಜೆ ಹಾಕಿ ನಾಯಕನ ಕೈ ನೋಡಿದರು. ಕೈ ಮೇಲೇಳಲಿಲ್ಲ. ಮಹಾಲಿಂಗ ಮೂಲೆಗೆ ಹೋಗಿ ನಿಂತು, ಎಡಗೈ ಚಾಚಿ, ಕವರ್‌ನವನಿಗಾಗಿ ಕಾಯುತ್ತಿದ್ದರು.

ಆ ಗಳಿಗೆಯಲ್ಲೂ ಗುರುಪಾದರಿಗೆ ಬಂದದ್ದು ಅನುಮಾನವೇ. ಜಮಖಂಡಿಯ ಇಷ್ಟು ಮಂದಿಯ ಮುಂದೆ ಜಿಗಿಯಲಿ, ಇನ್ನು ಮುಂದೆ ಕೇಳುವ ಮುಖವಿಲ್ಲದಂತಾಗಲಿ ಎಂದು ಬಿಟ್ಟನೇನು? ಹಾಗಂದುಕೊಂಡೇ ಕೈ ಹಿಡಿದರು. ಎತ್ತರದ ರೇಡರ್ ಒಳಬಂದ. ಬಲಕ್ಕೆ ಆಡಿದ, ಎಡಕ್ಕೆ ಆಡಿದ, ಗುರುಪಾದರ ಎದುರು ಬಂದು ಕಾಲು ಮುಂದೆ ಬಿಟ್ಟು ತಟ್ಟನೆ ನಿಂತ. ಗುರುಪಾದರ ಮೈಯಲ್ಲಿದ್ದುದೆಲ್ಲ ಮುಂದಕ್ಕೆ ಹೋಗಲು ಎದ್ದಿತು. ಮಹಾಲಿಂಗರ ಹಿಡಿತ ಬಿಗಿಯಾಗಿದ್ದರೆ ಅದೇ ತಡೆಯುತ್ತಿತ್ತೇನೋ. ಅದು ಸಡಿಲವಾಗಿತ್ತು, ಹೋಗುವುದಾದರೆ ಹೋಗು ಎನ್ನುವಷ್ಟು ಸಡಿಲ. ಗುರುಪಾದ ಹಲ್ಲು ಕಚ್ಚಿ ನಿಂತರು. ರೇಡರ್ ಕಾಲು ಆಡಿಸಿದ, ಎದೆ ತೋರಿಸಿದ, ಮತ್ತೆ ನಿಂತ. ಗುರುಪಾದರ ಹೆಬ್ಬೆರಳು ಮ್ಯಾಟ್ ಒತ್ತಿ ಬೆಳ್ಳಗಾಗಿತ್ತು. ಸಮಯ ಮೀರುತ್ತಿದೆ ಎಂದು ಗೊತ್ತಾಗಿ ಅವನೇ ಗಾಬರಿಯಿಂದ ಕೈ ಬೀಸಿದಾಗ ಇವರು ಅರ್ಧ ಹೆಜ್ಜೆ ಹಿಂದೆ ಸರಿದರು. ಸೀಟಿ ಬಿತ್ತು. ರೇಡರ್ ಔಟ್.

ಯಾರೂ ಯಾರನ್ನೂ ಹಿಡಿದಿರಲಿಲ್ಲ, ಕೆಡವಿರಲಿಲ್ಲ. ಏನಾಯಿತೆಂದು ಜನಕ್ಕೆ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ಮೈಕ್‌ನವನು ಬನಹಟ್ಟಿಗೆ ಒಂದು ಅಂಕ ಎಂದು ಹೇಳಿ, ಜೆರ್ಸಿ ಕೊಟ್ಟ ಚಿದಾನಂದ ಅವರ ಹೆಸರು ಓದಿದ. ಮಾರನೆಯ ದಿನ ಊರಲ್ಲಿ ಮಾತಾಡಿಕೊಂಡದ್ದು ಮುಧೋಳದ ರೇಡರ್ ಹೇಗೆ ಕೈಯಾರೆ ಕೆಡಿಸಿಕೊಂಡ ಎಂದು. ಬನಹಟ್ಟಿ ಆ ಪಂದ್ಯ ಗೆದ್ದಿತು, ಫೈನಲ್‌ನಲ್ಲಿ ಸೋತಿತು. ಫೈನಲ್‌ನಲ್ಲಿ ಮೂರನೇ ರೇಡುಗಳಿಗೆ ಮತ್ತೆ ಸಾತಪ್ಪನೇ ಇದ್ದ.

ಅವತ್ತು ಮಹಾಲಿಂಗ ನಂಬಿ ನಿಲ್ಲಿಸಿದರೋ, ಅಥವಾ ಬೇರೆ ದಾರಿಯಿರಲಿಲ್ಲವೋ ಎನ್ನುವುದು ಗುರುಪಾದರಿಗೆ ಇನ್ನೂ ಖಾತ್ರಿಯಿಲ್ಲ. ಆ ಹೊತ್ತಿಗೆ ಸಾತಪ್ಪ ಬೆಂಚಿನ ಮೇಲೆ ಪಾದ ಹಿಡಿದುಕೊಂಡು ಕೂತಿದ್ದನ್ನು ಶೆಡ್ಡಿನ ಗೆಳೆಯನೊಬ್ಬ ನೋಡಿದ್ದಾನಂತೆ. ಸಾತಪ್ಪನನ್ನು ಕೇಳಿದರೆ ಬರೀ ಶೂ ಕಟ್ಟಿಕೊಳ್ಳುತ್ತಿದ್ದೆ ಎನ್ನುತ್ತಾನೆ. ಮಹಾಲಿಂಗರನ್ನು ಕೇಳಿದರೆ ನಕ್ಕು ಆಟೊ ಚಾಲೂ ಮಾಡುತ್ತಾರೆ. ಗುರುಪಾದ, ಮಹಾಲಿಂಗ ಇಬ್ಬರೂ ಈಗ ಮತ್ತೆ ಒಂದೇ ಹೋಟೆಲಿನಲ್ಲಿ ಚಹಾ ಕುಡಿಯುತ್ತಾರೆ, ಆ ಮಾತೊಂದನ್ನು ಬಿಟ್ಟು ಉಳಿದೆಲ್ಲ ಮಾತಾಡುತ್ತಾರೆ.

ಮುಂದಿನ ಸೀಸನ್ನಿಗೆ ಏನು ಆಸೆ ಎಂದು ಕೇಳಿದರೆ ಗುರುಪಾದ ಮೊದಲು ಚಹಾದ ಲೋಟ ಕೆಳಗಿಡುತ್ತಾರೆ. ನೂಲಿನ ಧೂಳು ಹತ್ತಿದ ಹುಬ್ಬು ಒರೆಸಿಕೊಂಡು, ಚಹಾದ ದುಡ್ಡು ಕೊಡಲು ಗಲ್ಲೆಯ ಹತ್ತಿರ ಹೋದ ಮಹಾಲಿಂಗರಿಗೂ ಕೇಳಿಸುವಂತೆ ಹೇಳುತ್ತಾರೆ:

‘ಹೊರಗ ಕರೀಲಿ ಬಿಡ್ರಿ, ಬರ್ತೇನಿ. ಹುಡುಗ ಛಲೋ ನಿಂದರ್ತಾನ, ನಾ ಯಾಕ ಇಲ್ಲಂತ ಅನ್ಲಿ. ಆದರ ಯಾಕ ಅಂತ ಮುಂದ ನಿಂತ ಹೇಳಿ ಕರೀಲಿ. ಅಷ್ಟಽ ಸಾಕು ನನಗ.’